ಪೌರನೀತಿಯ ಪಾಠ ಮತ್ತು ಮೌನವಾಗಿ ನಿಂತ ಮಕ್ಕಳು

ಹೈಸ್ಕೂಲಿನ ವೇಳಾಪಟ್ಟಿಯಲ್ಲಿ ಸಮಾಜ ವಿಜ್ಞಾನದ ಪೀರಿಯಡ್ ಎಂದರೆ ಬಹಳಷ್ಟು ಮಕ್ಕಳಿಗೆ ತೂಕಡಿಕೆಯ ಹೊತ್ತು. ಇತಿಹಾಸದಲ್ಲಿ ಯುದ್ಧಗಳಾದರೂ ಇರುತ್ತವೆ, ಭೂಗೋಳದಲ್ಲಿ ನಕಾಶೆಗಳಾದರೂ ಇರುತ್ತವೆ. ಪೌರನೀತಿಯಲ್ಲಿ ಏನಿದೆ? ರಾಷ್ಟ್ರಪತಿಯಾಗಲು ಎಷ್ಟು ವಯಸ್ಸಾಗಿರಬೇಕು, ರಾಜ್ಯಸಭಾ ಸದಸ್ಯರ ಅವಧಿ ಎಷ್ಟು ವರ್ಷ, ಮೂಲಭೂತ ಹಕ್ಕುಗಳು ಎಷ್ಟು - ಇಷ್ಟನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಪಾಸು. ಉರ್ದು ಶಾಲೆಯಲ್ಲಿ ನಾವು ಇದನ್ನೇ ‘ಶಹರಿಯತ್’ ಎಂದು ಓದಿದೆವು. ಹೆಸರು ಬೇರೆ, ಬಾಯಿಪಾಠ ಒಂದೇ. ಆದರೆ ಈ ಸಪ್ಪೆ ವಿಷಯಕ್ಕೂ ಒಂದು ಚರಿತ್ರೆಯಿದೆ. ವಿಧೇಯತೆಯನ್ನು ಕಲಿಸಲೆಂದು ಹುಟ್ಟಿದ ಈ ಪಾಠಕ್ಕೆ ಹಕ್ಕಿನ ಅರ್ಥವನ್ನು ಕಲಿಸಿಕೊಟ್ಟವರು, ಬಾಯಿ ತೆರೆಯದೆ ಸುಮ್ಮನೆ ನಿಂತ ಕೆಲವು ಮಕ್ಕಳು.

ಭಾರತದ ಶಾಲೆಗಳಿಗೆ ಪೌರನೀತಿ ಬಂದದ್ದು ಬ್ರಿಟಿಷರ ಕಾಲದಲ್ಲಿ. 1897ರಲ್ಲಿ ವಿಲಿಯಂ ಲೀ-ವಾರ್ನರ್ ಎಂಬ ಅಧಿಕಾರಿ ‘ದಿ ಸಿಟಿಜನ್ ಆಫ್ ಇಂಡಿಯಾ’ ಎಂಬ ಪುಸ್ತಕ ಬರೆದರು. ಈತ ನಮಗೆ ತೀರಾ ಅಪರಿಚಿತರಲ್ಲ. 1895ರಲ್ಲಿ ಕೆಲಕಾಲ ಮೈಸೂರಿನ ರೆಸಿಡೆಂಟರಾಗಿದ್ದವರು. ಪುಸ್ತಕ ಹಳ್ಳಿಯಿಂದ ಶುರುವಾಗಿ ಪಟ್ಟಣ, ಜಿಲ್ಲೆ, ಪ್ರಾಂತ್ಯಗಳನ್ನು ದಾಟಿ ಬ್ರಿಟಿಷ್ ಸಾಮ್ರಾಜ್ಯದವರೆಗೆ ಹೋಗುತ್ತದೆ. ವಿದ್ಯಾರ್ಥಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಕೊನೆಗೆ ತಲುಪಬೇಕಾದದ್ದು ಸಾಮ್ರಾಜ್ಯದ ಉಪಕಾರವನ್ನು ಒಪ್ಪಿಕೊಳ್ಳುವ ಜಾಗಕ್ಕೆ. ಮತವೂ ಇಲ್ಲದ, ತನ್ನನ್ನು ಆಳುವವರನ್ನು ಆರಿಸುವ ಅಧಿಕಾರವೂ ಇಲ್ಲದ ಒಬ್ಬ ಹುಡುಗನನ್ನು ಪುಸ್ತಕ ‘ನಾಗರಿಕ’ ಎಂದು ಕರೆಯಿತು. ನಿಜದಲ್ಲಿ ಅವನು ಪ್ರಜೆ. ಒಳ್ಳೆಯ ಪ್ರಜೆಯಾಗಿರುವುದು ಹೇಗೆ ಎಂಬುದೇ ಪಾಠ.

ಇತ್ತ ಅಮೆರಿಕಾದಲ್ಲಿ ‘ಸೋಷಿಯಲ್ ಸ್ಟಡೀಸ್’ ಎಂಬ ಹೆಸರು ಹೈಸ್ಕೂಲುಗಳಲ್ಲಿ ನೆಲೆಯೂರಿದ್ದು 1916ರ ಒಂದು ಸಮಿತಿಯ ವರದಿಯಿಂದ. ಆ ಸಮಿತಿಯ ಅಧ್ಯಕ್ಷ ಥಾಮಸ್ ಜೆಸ್ಸಿ ಜೋನ್ಸ್ ಅದಕ್ಕೂ ಮೊದಲು ವರ್ಜೀನಿಯಾದ ಹ್ಯಾಂಪ್ಟನ್ ವಿದ್ಯಾಸಂಸ್ಥೆಯಲ್ಲಿ ಕರಿಯ ವಿದ್ಯಾರ್ಥಿಗಳಿಗೂ ಅಮೆರಿಕಾದ ಮೂಲನಿವಾಸಿ ವಿದ್ಯಾರ್ಥಿಗಳಿಗೂ ಇದೇ ವಿಷಯ ಕಲಿಸಿದ್ದವರು. ಇದ್ದ ಸ್ಥಿತಿಗೆ ಹೊಂದಿಕೊಂಡು ಬಾಳುವುದನ್ನೇ ಆ ಪಾಠಗಳು ಹೇಳಿಕೊಟ್ಟವು ಎಂಬ ಟೀಕೆ ಅವುಗಳ ಮೇಲಿದೆ. ಎರಡು ದೇಶ, ಎರಡು ವ್ಯವಸ್ಥೆ; ಆದರೆ ಆರಂಭದ ಉದ್ದೇಶದಲ್ಲಿ ಒಂದು ಹೋಲಿಕೆ ಕಾಣುತ್ತದೆ.

ಈ ಪಾಠಕ್ಕೆ ಮೊದಲ ದೊಡ್ಡ ಪ್ರಶ್ನೆ ಎದುರಾದದ್ದು 1935ರಲ್ಲಿ, ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಗಣಿಗಾರರ ಊರಿನಲ್ಲಿ. ‘ಯೆಹೋವನ ಸಾಕ್ಷಿಗಳು’ ಎಂಬ ಸಣ್ಣ ಕ್ರೈಸ್ತ ಪಂಗಡಕ್ಕೆ ಸೇರಿದ ಕಿರಾಣಿ ಅಂಗಡಿಯವರೊಬ್ಬರ ಹನ್ನೆರಡು ವರ್ಷದ ಮಗಳು ಮತ್ತು ಹತ್ತು ವರ್ಷದ ಮಗ ಶಾಲೆಯಲ್ಲಿ ಧ್ವಜಕ್ಕೆ ವಂದಿಸಲಿಲ್ಲ. ದೇವರಿಗಲ್ಲದೆ ಬೇರಾವುದಕ್ಕೂ ಹಾಗೆ ವಂದಿಸಬಾರದು ಎಂಬುದು ಅವರ ನಂಬಿಕೆ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1940ರ ಜೂನ್ 3ರಂದು ಮಕ್ಕಳು ಸೋತರು. ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಮಂದಿ ಶಾಲೆಯ ಪರ. ರಾಷ್ಟ್ರದ ಭದ್ರತೆಗೆ ಏಕತೆಯೇ ಬುನಾದಿ ಎಂಬುದು ತೀರ್ಪು ಬರೆದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರ ವಾದವಾಗಿತ್ತು. ಅದು ಯುರೋಪಿನಲ್ಲಿ ಹಿಟ್ಲರನ ಸೈನ್ಯ ಮುನ್ನುಗ್ಗುತ್ತಿದ್ದ ಕಾಲ. ತೀರ್ಪಿನ ಬೆನ್ನಿಗೇ ಆ ಪಂಗಡದವರ ಮೇಲೆ ಅಲ್ಲಲ್ಲಿ ಹಲ್ಲೆಗಳಾದವು. ಮೇನ್ ರಾಜ್ಯದ ಕೆನೆಬಂಕ್‌ನಲ್ಲಿ ಅವರ ಪ್ರಾರ್ಥನಾ ಸಭಾಂಗಣಕ್ಕೆ ಬೆಂಕಿ ಇಟ್ಟರು. ನ್ಯಾಯಾಲಯ ಆಡಿದ ಮಾತು ಬೀದಿಗೆ ಬರುವಾಗ ಕಲ್ಲಾಗಬಲ್ಲದು ಎಂಬುದಕ್ಕೆ ಇದೊಂದು ಉದಾಹರಣೆ.

ಆದರೆ ಮೂರೇ ವರ್ಷಗಳಲ್ಲಿ ಅದೇ ನ್ಯಾಯಾಲಯ ತನ್ನ ಮಾತನ್ನು ಹಿಂದಕ್ಕೆ ಪಡೆಯಿತು. ವೆಸ್ಟ್ ವರ್ಜೀನಿಯಾದ ಇಬ್ಬರು ಸಹೋದರಿಯರ ಪ್ರಕರಣದಲ್ಲಿ 1943ರ ಜೂನ್ 14ರಂದು, ಅಂದರೆ ಆ ದೇಶದ ಧ್ವಜ ದಿನದಂದೇ, ಆರು ಮೂರರ ಬಹುಮತದಿಂದ ಮಕ್ಕಳು ಗೆದ್ದರು. ‘ಬಾರ್ನೆಟ್ ಪ್ರಕರಣ’ ಎಂದು ಅದು ಹೆಸರಾಗಿದೆ. ತೀರ್ಪು ಬರೆದವರು ರಾಬರ್ಟ್ ಜಾಕ್ಸನ್. ಮಕ್ಕಳನ್ನು ನಾಗರಿಕರನ್ನಾಗಿ ತಯಾರು ಮಾಡುವುದು ಶಾಲೆಯ ಕೆಲಸವಾದ್ದರಿಂದಲೇ ಶಾಲೆಯೊಳಗೆ ಸಂವಿಧಾನವನ್ನು ಹೆಚ್ಚು ಎಚ್ಚರದಿಂದ ಪಾಲಿಸಬೇಕು. ಇಲ್ಲವಾದರೆ ಆ ತತ್ವಗಳೆಲ್ಲ ಬರೀ ಬಾಯಿಮಾತು ಎಂದು ನಾವೇ ಮಕ್ಕಳಿಗೆ ಕಲಿಸಿದಂತಾಗುತ್ತದೆ ಎಂಬುದು ಅವರ ತರ್ಕ. ಸಮಾಜ ವಿಜ್ಞಾನದ ಬೋಧನೆಯ ಬಗ್ಗೆ ಇದಕ್ಕಿಂತ ಮುಖ್ಯವಾದ ಮಾತು ಇರಲಾರದು. ಇನ್ನೊಂದು ಸಣ್ಣ ಸಂಗತಿ: ಎರಡೂ ಕುಟುಂಬಗಳ ಹೆಸರನ್ನು ನ್ಯಾಯಾಲಯದ ದಾಖಲೆಗಳಲ್ಲಿ ತಪ್ಪಾಗಿ ಬರೆಯಲಾಗಿದೆ. ಕಾನೂನು ಪುಸ್ತಕಗಳಲ್ಲಿ ಇಂದಿಗೂ ಆ ತಪ್ಪು ಹೆಸರುಗಳೇ ಉಳಿದಿವೆ.

ನಲವತ್ತೆರಡು ವರ್ಷಗಳ ನಂತರ ಇದೇ ಪ್ರಶ್ನೆ ನಮ್ಮ ನೆರೆಯ ಕೇರಳದಲ್ಲಿ ಎದ್ದಿತು. ಕೊಟ್ಟಾಯಂ ಜಿಲ್ಲೆಯ ಕಿಡಂಗೂರಿನ ಶಾಲೆಯೊಂದರಲ್ಲಿ ಒಂದೇ ಮನೆಯ ಮೂವರು ಮಕ್ಕಳು ಓದುತ್ತಿದ್ದರು - ಹತ್ತನೆಯ, ಒಂಬತ್ತನೆಯ ಮತ್ತು ಐದನೆಯ ತರಗತಿಗಳಲ್ಲಿ. ಅವರೂ ಅದೇ ಪಂಗಡದವರು. ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆ ಹಾಡುವಾಗ ಅವರು ಎಲ್ಲರೊಂದಿಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ಅಕ್ಕಂದಿರೂ ಅಲ್ಲಿ ಹಾಗೆಯೇ ನಿಂತು ಓದಿ ಹೋಗಿದ್ದರು. ಯಾರಿಗೂ ಅದು ತಪ್ಪೆಂದು ಕಂಡಿರಲಿಲ್ಲ. 1985ರ ಜುಲೈಯಲ್ಲಿ ಶಾಸಕರೊಬ್ಬರು ಇದನ್ನು ಗಮನಿಸಿ ವಿಧಾನಸಭೆಯಲ್ಲಿ ಪ್ರಸ್ತಾಪಿಸಿದರು. ವಿಚಾರಣೆಗೆ ಸಮಿತಿ ನೇಮಕವಾಯಿತು. ಈ ಮಕ್ಕಳು ಕಾನೂನಿಗೆ ವಿಧೇಯರು, ರಾಷ್ಟ್ರಗೀತೆಗೆ ಅಗೌರವ ತೋರಿಲ್ಲ ಎಂದೇ ಅದು ವರದಿ ಕೊಟ್ಟಿತು. ಆದರೂ ಶಿಕ್ಷಣ ಇಲಾಖೆಯ ಸೂಚನೆಯಂತೆ ಜುಲೈ 26ರಂದು ಮೂವರನ್ನೂ ಶಾಲೆಯಿಂದ ತೆಗೆದುಹಾಕಲಾಯಿತು.

ಕೇರಳ ಹೈಕೋರ್ಟಿನಲ್ಲಿ ಅವರಿಗೆ ನ್ಯಾಯ ಸಿಗಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಒ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ತ್ ಅವರ ಪೀಠ 1986ರ ಆಗಸ್ಟ್ 11ರಂದು ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ‘ಬಿಜೋ ಎಮ್ಯಾನುಯೆಲ್ ಪ್ರಕರಣ’ ಎಂದು ಪ್ರಸಿದ್ಧವಾದ ಈ ತೀರ್ಪು ಬಾರ್ನೆಟ್ ತೀರ್ಪನ್ನೂ ಚರ್ಚಿಸುತ್ತದೆ. ನ್ಯಾಯಾಲಯ ಕೇಳಿದ ಪ್ರಶ್ನೆ ಸರಳವಾದದ್ದು: ಹಾಡಲೇಬೇಕೆಂದು ಯಾವ ಕಾನೂನು ಹೇಳುತ್ತದೆ? 1971ರ ರಾಷ್ಟ್ರೀಯ ಗೌರವ ಅಪಮಾನ ತಡೆ ಕಾಯಿದೆ, ಬೇಕೆಂದೇ ರಾಷ್ಟ್ರಗೀತೆಯನ್ನು ತಡೆಯುವುದನ್ನು, ಹಾಡುವವರಿಗೆ ತೊಂದರೆ ಕೊಡುವುದನ್ನು ಅಪರಾಧವೆನ್ನುತ್ತದೆಯೇ ಹೊರತು ಸುಮ್ಮನೆ ನಿಂತವರನ್ನಲ್ಲ. ಉಳಿದದ್ದು ಇಲಾಖೆಯ ಸುತ್ತೋಲೆ. ಸುತ್ತೋಲೆ ಕಾನೂನಲ್ಲ, 19 ಮತ್ತು 25ನೆಯ ವಿಧಿಗಳು ಕೊಟ್ಟ ಹಕ್ಕನ್ನು ಅದು ಕಿತ್ತುಕೊಳ್ಳಲಾರದು. ಸಹನೆ ನಮ್ಮ ಪರಂಪರೆಯ, ನಮ್ಮ ಸಂವಿಧಾನದ ಗುಣ, ಅದನ್ನು ತೆಳುವಾಗಿಸಬೇಡಿ ಎಂಬ ಆಶಯದೊಂದಿಗೆ ತೀರ್ಪು ಮುಗಿಯುತ್ತದೆ.

ಪಠ್ಯಪುಸ್ತಕಗಳು ಈ ದಿಕ್ಕಿಗೆ ಹೊರಳಲು ಮತ್ತೆ ಎರಡು ದಶಕ ಬೇಕಾಯಿತು. ಪೌರನೀತಿ ವಸಾಹತು ಕಾಲದ ಕೂಸು ಎಂಬುದನ್ನು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ಪಷ್ಟವಾಗಿ ಹೇಳಿತು. ಆ ಹೆಸರನ್ನು ಕೈಬಿಟ್ಟು ರಾಜ್ಯಶಾಸ್ತ್ರವನ್ನು ತರಲು ಸೂಚಿಸಿತು. ಅದರಂತೆ ಬಂದ ಎನ್‌ಸಿಇಆರ್‌ಟಿಯ ಎಂಟನೆಯ ತರಗತಿಯ ಪುಸ್ತಕದಲ್ಲಿ ಕಾನೂನು ಹೇಗೆ ಹುಟ್ಟುತ್ತದೆ ಎಂಬುದನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಮೂಲಕ, ಕಾನೂನು ಜಾರಿಯಾಗದಿದ್ದರೆ ಏನಾಗುತ್ತದೆ ಎಂಬುದನ್ನು ಭೋಪಾಲದ ಅನಿಲ ದುರಂತದ ಮೂಲಕ ವಿವರಿಸಲಾಗಿತ್ತು. ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಉನ್ನಿ, ಮುನ್ನಿ ಎಂಬ ಎರಡು ಪಾತ್ರಗಳು ಪುಟಪುಟದಲ್ಲೂ ಅಡ್ಡಪ್ರಶ್ನೆ ಹಾಕುತ್ತಿದ್ದವು. ಪ್ರಶ್ನೆ ಕೇಳುವ ಪುಸ್ತಕಗಳಿಗೆ ವಿರೋಧವೂ ಬಂತು. 2012ರಲ್ಲಿ ಹನ್ನೊಂದನೆಯ ತರಗತಿಯ ಪುಸ್ತಕದ ಒಂದು ವ್ಯಂಗ್ಯಚಿತ್ರದ ಕಾರಣಕ್ಕೆ ಸಂಸತ್ತಿನಲ್ಲಿ ಗದ್ದಲವಾಗಿ, ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು. 2024 ಮತ್ತು 2025ರಲ್ಲಿ ಆರರಿಂದ ಎಂಟನೆಯ ತರಗತಿಗಳಿಗೆ ಹೊಸ ಪುಸ್ತಕಗಳೇ ಬಂದಿವೆ. ಕರ್ನಾಟಕದ ಹೈಸ್ಕೂಲು ಪುಸ್ತಕಗಳಲ್ಲೂ ಈಗ ಆ ಭಾಗದ ಹೆಸರು ರಾಜ್ಯಶಾಸ್ತ್ರ.

ಹೆಸರು ಬದಲಾದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ ಎಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2022ರ ಹಿಜಾಬ್ ಪ್ರಕರಣದಲ್ಲಿ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೇಮಂತ್ ಗುಪ್ತಾ ಅವರು ಆದೇಶ ಸರಿಯೆಂದರು. ಅದನ್ನು ರದ್ದುಪಡಿಸಬೇಕೆಂದ ಸುಧಾಂಶು ಧುಲಿಯಾ ಅವರು ಆಧಾರವಾಗಿ ಹಿಡಿದದ್ದು ಕಿಡಂಗೂರಿನ ಆ ಮೂವರು ಮಕ್ಕಳ ಪ್ರಕರಣವನ್ನು. ಒಂದು ಪುಟ್ಟ ಕ್ರೈಸ್ತ ಪಂಗಡದ ಮಕ್ಕಳು ಗಳಿಸಿದ ಹಕ್ಕು ಮುಸ್ಲಿಂ ಹುಡುಗಿಯರ ವಾದಕ್ಕೆ ಊರುಗೋಲಾಯಿತು. ನಾಳೆ ಅದು ಇನ್ನಾವ ಮನೆಯ ಮಗುವಿಗೆ ಬೇಕಾದೀತೋ ಹೇಳಲಾಗದು. ಒಬ್ಬರಿಗೆ ಉಳಿದ ಹಕ್ಕು ಎಲ್ಲರಿಗೂ ಉಳಿಯುತ್ತದೆ. ಅದನ್ನು ನಮ್ಮವರದು, ನಿಮ್ಮವರದು ಎಂದು ಪಾಲು ಮಾಡಲು ಬರುವುದಿಲ್ಲ.

ಶಾಲೆಗಳಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಬೇಕೆಂದು 2023ರ ಜೂನ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ತೀರ್ಮಾನಿಸಿತು. ಒಳ್ಳೆಯದೇ. ಆದರೆ ದಿನವೂ ಒಂದೇ ರಾಗದಲ್ಲಿ ಒಪ್ಪಿಸಿದರೆ ಅದೂ ಹಳೆಯ ಪೌರನೀತಿಯ ಬಾಯಿಪಾಠವಾಗಿಬಿಡಬಹುದು. ವಾರಕ್ಕೊಂದು ಪೀರಿಯಡ್‌ನಲ್ಲಿ ಮೇಷ್ಟ್ರು ಕಿಡಂಗೂರಿನ ಕಥೆಯನ್ನು ಹೇಳಿ, ಅರ್ಧ ತರಗತಿ ಇಲಾಖೆಯ ಪರ, ಇನ್ನರ್ಧ ಮಕ್ಕಳ ಪರ ವಾದಿಸಲಿ. ಸುತ್ತೋಲೆಗೂ ಕಾನೂನಿಗೂ ಇರುವ ವ್ಯತ್ಯಾಸ ಅವರಿಗೆ ಅರ್ಥವಾದರೆ ಆ ನಲವತ್ತು ನಿಮಿಷ ಸಾರ್ಥಕ. ನಂಬಿಕೆಯ ಸ್ವಾತಂತ್ರ್ಯದ ಭರವಸೆ ಕೊಡುವ ಆ ಪ್ರಸ್ತಾವನೆ, ಅದನ್ನು ಗಟ್ಟಿಯಾಗಿ ಓದುವ ಮಗುವಿನದು ಮಾತ್ರವಲ್ಲ. ಪಕ್ಕದಲ್ಲಿ ಮೌನವಾಗಿ ನಿಂತ ಮಗುವಿನದೂ ಹೌದು.