ಅಳತೆಗೋಲು ಮತ್ತು ಮುನ್ನಂದಾಜು: ಎರ್ನಾಕುಲಂ ಹದಿಹರೆಯದವರ ಬೊಜ್ಜು, ಯಂತ್ರಕಲಿಕೆಯ ಮಿತಿ

ಬೊಜ್ಜಿನ ಅಪಾಯವನ್ನು ಯಂತ್ರಕಲಿಕೆಯಿಂದ ಮೊದಲೇ ಗುರುತಿಸುತ್ತೇವೆ ಎನ್ನುವ ಪ್ರಬಂಧಗಳಲ್ಲಿ ಶೇ. 95ರಷ್ಟು ನಿಖರತೆ ಈಗ ಅಪರೂಪವಲ್ಲ. ಅಂಥ ಹಲವು ಪ್ರಬಂಧಗಳು ನಿಂತಿರುವುದು 2019ರಲ್ಲಿ ಪ್ರಕಟವಾದ ಒಂದೇ ದತ್ತಾಂಶದ ಮೇಲೆ. ಮೆಕ್ಸಿಕೊ, ಪೆರು, ಕೊಲಂಬಿಯಾಗಳಿಗೆ ಸೇರಿದ ಅದರ 2,111 ದಾಖಲೆಗಳಲ್ಲಿ ಶೇ. 77ರಷ್ಟು ಯಾವ ಮನುಷ್ಯನವೂ ಅಲ್ಲ, ಗಣಕವೇ ಹುಟ್ಟಿಸಿದವು. ಸಾಲದೆಂಬಂತೆ ಎತ್ತರ, ತೂಕ ಎರಡನ್ನೂ ಮಾದರಿಯ ಕೈಗಿತ್ತು, ಅವೆರಡರಿಂದಲೇ ಲೆಕ್ಕ ಹಾಕಿದ ಬಿ.ಎಂ.ಐ. ವರ್ಗವನ್ನು ಊಹಿಸು ಎನ್ನುವವರಿದ್ದಾರೆ. ಅದು ಮುನ್ನಂದಾಜಲ್ಲ, ಭಾಗಾಕಾರ.

ನಮ್ಮ ನೆಲದ ದತ್ತಾಂಶ ಬೇಕಿದ್ದರೆ ಕೊಚ್ಚಿಯ ಕಡೆ ನೋಡಬಹುದು. ಮನು ರಾಜ್ ಮತ್ತು ಸಂಗಡಿಗರು 2003–05ರಲ್ಲಿ ಎರ್ನಾಕುಲಂ ಜಿಲ್ಲೆಯ 5ರಿಂದ 16 ವರ್ಷದ 24,842 ವಿದ್ಯಾರ್ಥಿಗಳನ್ನು ಅಳೆದು 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಅತಿತೂಕದ ಮಕ್ಕಳ ಪ್ರಮಾಣ ಎರಡು ವರ್ಷಗಳಲ್ಲಿ ಶೇ. 4.94ರಿಂದ 6.57ಕ್ಕೆ ಏರಿತ್ತು, ಆ ಏರಿಕೆ ಖಾಸಗಿ ಶಾಲೆಗಳಿಗಷ್ಟೇ ಸೀಮಿತವಾಗಿತ್ತು. ಅತಿತೂಕದವರಲ್ಲಿ ಶೇ. 17.34 ಮಕ್ಕಳ ರಕ್ತದೊತ್ತಡ ಹೆಚ್ಚಿತ್ತು, ಉಳಿದವರಲ್ಲಿ ಇದು ಶೇ. 10.1.

ಮಾದರಿ ಕಟ್ಟುವವರಿಗೆ ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಬರೀ ಅಂಕಗಣಿತ. ಅತಿತೂಕದ ನೂರರಲ್ಲಿ 80 ಮಕ್ಕಳನ್ನು ಹಿಡಿಯುವ, ಉಳಿದ ನೂರರಲ್ಲಿ 80 ಮಕ್ಕಳನ್ನು ಸರಿಯಾಗಿ ಬಿಟ್ಟುಬಿಡುವ ಮಾದರಿಯೊಂದು ಇದೆಯೆನ್ನಿ. 2005ರ ಪ್ರಮಾಣದಲ್ಲಿ ಸಾವಿರ ಮಕ್ಕಳಿಗೆ 66 ಮಂದಿ ಅತಿತೂಕದವರು; ಅವರಲ್ಲಿ 53 ಮಂದಿ ಸಿಕ್ಕುತ್ತಾರೆ. ಜೊತೆಗೆ 187 ಮಕ್ಕಳ ಮೇಲೆ ಸುಮ್ಮನೆ ಅಪಾಯದ ಚೀಟಿ ಬೀಳುತ್ತದೆ. ಎಚ್ಚರಿಕೆ ಪಡೆದವರಲ್ಲಿ ನಿಜವಾದವರು ಶೇ. 22 ಮಾತ್ರ. 2003ರ ಪ್ರಮಾಣ ಹಿಡಿದರೆ ಅದೇ ಮಾದರಿಗೆ ಶೇ. 17. ಮಾದರಿಯಲ್ಲಿ ಒಂದು ಅಕ್ಷರ ಬದಲಾಗದಿದ್ದರೂ ಅದರ ಎಚ್ಚರಿಕೆಯ ಬೆಲೆ ಎರಡೇ ವರ್ಷದಲ್ಲಿ ಬದಲಾಯಿತು.

ಎರಡನೆಯದು ಇನ್ನೂ ಸೂಕ್ಷ್ಮ. ಶಾಲೆ ಖಾಸಗಿಯೋ ಸರ್ಕಾರಿಯೋ ಎಂಬ ಒಂದು ಕಲಂ ಇದ್ದರೆ ಯಂತ್ರ ಅದನ್ನೇ ನೆಚ್ಚಿಕೊಳ್ಳುತ್ತದೆ. ಆದಾಯ, ಶಾಲಾ ವ್ಯಾನು, ಸಂಜೆಯ ಟ್ಯೂಷನ್, ಇಲ್ಲದ ಆಟದ ಬಯಲು ಎಲ್ಲವೂ ಆ ಕಲಮಿನ ಹಿಂದೆ ಅಡಗಿವೆ. ಅದೇ ಜಿಲ್ಲೆಯ ಏಲೂರ್ ಪೆರಿಯಾರ್ ದಂಡೆಯ ಕೈಗಾರಿಕಾ ಪಟ್ಟಣ, ಫ್ಯಾಕ್ಟ್ ರಸಗೊಬ್ಬರ ಕಾರ್ಖಾನೆಯ ಊರು. ಪಾಳಿ ಕೆಲಸದ ಮನೆಯೊಂದರ ಹುಡುಗಿ ಅಲ್ಲಿನ ಸರ್ಕಾರಿ ಶಾಲೆಗೆ ಹೋಗುತ್ತಾಳೆಂದರೆ, ಅವಳ ಅಪಾಯವನ್ನು ಮಾದರಿ ತಾನಾಗಿ ಕಡಿಮೆಯೆಂದು ಓದಬಹುದು. ಕೊಚ್ಚಿಯಲ್ಲಿ ಪಳಗಿದ ಮಾದರಿಯನ್ನು ಕೇರಳದಲ್ಲೇ ಇರುವ ಮಂಜೇಶ್ವರದ ಕನ್ನಡ ಶಾಲೆಗೆ ಒಯ್ಯುವ ಮುನ್ನ ಅಲ್ಲಿ ಹೊಸದಾಗಿ ಒರೆಗೆ ಹಚ್ಚಲೇಬೇಕು. ರಾಜ್ಯ ಒಂದೇ ಎಂಬುದು ಪುರಾವೆಯಾಗದು.

ಮಾದರಿಗೆ ದತ್ತಾಂಶ ಕೊಡುವ ಆಹಾರದ ಪ್ರಶ್ನೆಗಳಲ್ಲೂ ಇದೇ ಕುರುಡು. ಕೇರಳ ಸರ್ಕಾರ 2016ರಲ್ಲಿ ಬ್ರಾಂಡೆಡ್ ಹೋಟೆಲುಗಳ ಪಿಜ್ಜಾ, ಬರ್ಗರುಗಳಿಗೆ ಶೇ. 14.5 ತೆರಿಗೆ ಹಾಕಿತು. ಮೂಲೆಯಂಗಡಿಯ ಪರೋಟ ಅದರ ಲೆಕ್ಕಕ್ಕೆ ಬರಲಿಲ್ಲ. (ಮರುವರ್ಷ ಜಿಎಸ್‌ಟಿ ಬಂದು ಆ ತೆರಿಗೆಯೂ ಹೋಯಿತು.) ಪ್ರಶ್ನಾವಳಿಯೂ ಪಿಜ್ಜಾವನ್ನಷ್ಟೇ ಕೇಳಿದರೆ ಬೇಕರಿಯ ಪಫ್ಸ್, ಸಂಜೆಯ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ದತ್ತಾಂಶಕ್ಕೆ ಬರುವುದೇ ಇಲ್ಲ.

ಯಾವ ಕ್ರಮವಿಧಿ ಮೇಲು ಎಂಬ ಚರ್ಚೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ವೈದ್ಯಕೀಯ ಮುನ್ನಂದಾಜಿನ 71 ಅಧ್ಯಯನಗಳನ್ನು ಪರಿಶೀಲಿಸಿದ 2019ರ ವಿಮರ್ಶೆಯೊಂದು, ಹಳೆಯ ಲಾಜಿಸ್ಟಿಕ್ ರಿಗ್ರೆಶನ್‌ಗಿಂತ ಯಂತ್ರಕಲಿಕೆ ಮೇಲೆಂಬುದಕ್ಕೆ ಆಧಾರ ಕಾಣಲಿಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ, ಬೊಜ್ಜು ಎಂದು ಯಾವುದನ್ನು ಕರೆಯುತ್ತೇವೆ ಎಂಬುದು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2015ರ ಬೆಳವಣಿಗೆ ನಕ್ಷೆ ವಯಸ್ಕರ ಬಿ.ಎಂ.ಐ. 23 ಮತ್ತು 27ಕ್ಕೆ ಸರಿದೂಗುವ ಗೆರೆಗಳನ್ನು ಎಳೆದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2007ರ ಗೆರೆಗಳು ಬೇರೆ. ಪುಣೆಯ ವೈದ್ಯ ಸಿ. ಎಸ್. ಯಾಜ್ಞಿಕ್ ತೋರಿಸಿದಂತೆ ಸಣಕಲಾಗಿ ಕಾಣುವ ಭಾರತೀಯ ದೇಹದಲ್ಲೂ ಕೊಬ್ಬಿನಂಶ ಹೆಚ್ಚಿರಬಲ್ಲದು. ಬಿ.ಎಂ.ಐ. ಒಂದನ್ನೇ ಗುರಿಯಾಗಿಟ್ಟರೆ ಆ ಮಗು ಯಾವ ಯಂತ್ರಕ್ಕೂ ಕಾಣದು. ಆ ಕೊಬ್ಬಿನ ಸುಳಿವು ಕೊಡುವ ಸೊಂಟದ ಸುತ್ತಳತೆಗೆ ಒಂದು ಟೇಪು ಸಾಕು.

ಪತ್ತೆಯಾದ ಮೇಲೇನು? ತಿರುವನಂತಪುರ ಜಿಲ್ಲೆಯ ನೆಯ್ಯಾಟಿನ್‌ಕರ ತಾಲ್ಲೂಕಿನಲ್ಲಿ ನಡೆದ ಕೇರಳ ಮಧುಮೇಹ ತಡೆ ಕಾರ್ಯಕ್ರಮ ವಯಸ್ಕರದ್ದಾದರೂ ಇಲ್ಲಿ ನೆನೆಯಬೇಕಾದ್ದು. ಸರಳ ಅಪಾಯಾಂಕದಿಂದ ಆಯ್ದ 1,007 ಮಂದಿಯಲ್ಲಿ ಅರ್ಧ ಗುಂಪಿಗೆ ನೆರೆಯವರ ನೆರವಿನ ಜೀವನಶೈಲಿ ತರಬೇತಿ ಸಿಕ್ಕಿತು. ಎರಡು ವರ್ಷದ ಕೊನೆಗೆ ಮಧುಮೇಹ ಬಂದವರು ಆ ಗುಂಪಿನಲ್ಲಿ ಶೇ. 14.9, ಇನ್ನೊಂದರಲ್ಲಿ ಶೇ. 17.1, ಸಂಖ್ಯಾಶಾಸ್ತ್ರದ ಒರೆಗೆ ಈ ಅಂತರ ನಿಲ್ಲಲಿಲ್ಲ. ಅಪಾಯದಲ್ಲಿರುವವರನ್ನು ಗುರುತಿಸಿ, ತರಬೇತಿ ಕೊಟ್ಟ ಮೇಲೂ ಹೀಗೆ. ಶಾಲೆಗಳಲ್ಲಿ ಪಟ್ಟಿ ತಯಾರಿಸುವ ಮಾದರಿಯ ಜೊತೆಗೇ, ಆ 187 ಮಕ್ಕಳ ಹೆಸರನ್ನು ತರಗತಿಯಲ್ಲಿ ಓದಿ ಹೇಳದ ವ್ಯವಸ್ಥೆಯನ್ನೂ, ಎರಡು ವರ್ಷದ ನಂತರದ ಮರು ಅಳತೆಯನ್ನೂ ಯೋಜನೆಯಲ್ಲೇ ಬರೆದಿಡಬೇಕಾಗುತ್ತದೆ.