ಎಷ್ಟು ಅಡಿ ಬಂತಂತೆ?

ಆಷಾಢ ಹಿಡೀತು ಅಂದ್ರೆ ನಮ್ಮ ಕಡೆ ಫೋನಲ್ಲಿ ಮಾತು ಶುರುವಾಗೋದೇ ಹಿಂಗೆ: "ಎಷ್ಟು ಅಡಿ ಬಂತಂತೆ?" ಊಟ ಆಯ್ತಾ, ಮಂಡಿನೋವು ಹೆಂಗಿದೆ, ಮಗಳು ಫೋನ್ ಮಾಡಿದ್ಲಾ ಅನ್ನೋದೆಲ್ಲ ಆಮೇಲೆ. ನಮ್ಮ ಮೈದುನನ ಹೆಂಡತಿ ಶಿರಾ ಕಡೆಯವಳು. ಮದುವೆಯಾಗಿ ಬಂದ ಮೊದಲನೇ ಮಳೆಗಾಲದಲ್ಲಿ ನಮ್ಮ ಮಾತು ಕೇಳಿ ಕೇಳಿ ಒಂದಿನ ತಡೀಲಾರದೆ ಕೇಳಿದ್ಲು, "ಅಲ್ಲಾ ಅಕ್ಕ, ದಿನಾ ಅಡಿ ಅಡಿ ಅಂತೀರಲ್ಲ, ಯಾರ ಮನೇಲಿ ಬೋರ್ ಹಾಕಿಸ್ತಿದಾರೆ?"

ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಆಮೇಲೆ ನಂಗೇ ಪಿಚ್ ಅನ್ನಿಸ್ತು. ಅವಳ ಊರಲ್ಲಿ ಅಡಿ ಅಂದ್ರೆ ಭೂಮಿ ಒಳಗೆ ನೀರು ಹುಡುಕ್ಕೊಂಡು ಇಳಿಯೋ ಲೆಕ್ಕ. ನಮ್ಮಲ್ಲಿ ಅಡಿ ಅಂದ್ರೆ ಮೇಲೆ ಬರೋ ನೀರಿನ ಲೆಕ್ಕ.

ಲಕ್ಕವಳ್ಳಿ ಡ್ಯಾಮಿಗೆ 186 ಅಡಿ ಆದ್ರೆ ಭರ್ತಿ. ಅಷ್ಟಾದ್ರೆ 71 ಟಿಎಂಸಿಗೂ ಮೇಲೆ ನೀರು. ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ಕಳಸ, ಬಾಳೆಹೊನ್ನೂರು ದಾಟ್ಕೊಂಡು ನಮ್ಮ ಎನ್.ಆರ್.ಪುರದ ಮಗ್ಗುಲಿಗೆ ಬರುವಷ್ಟರಲ್ಲಿ ಹೊಳೆ ಹೋಗಿ ಹಿನ್ನೀರಾಗಿರ್ತದೆ. ಹಂಗಾಗಿ ಇಲ್ಲಿ ಮಳೆ ಬಂದ್ರೆ ಮಾತ್ರ ಸಾಲದು, ಕಳಸದಲ್ಲಿ ಬರಬೇಕು. ಹೆಬ್ಬಾಳೆ ಸೇತುವೆ ಮುಳುಗಿತಂತೆ, ಹೊರನಾಡಿಗೆ ಹೋದವರು ಸುತ್ತಿ ಬಳಸಿ ಬರಬೇಕಂತೆ ಅಂತ ಸುದ್ದಿ ಬಂದ್ರೆ ಸಾಕು, ಮುತ್ತಿನಕೊಪ್ಪದಲ್ಲಿ ನಾವು "ಇನ್ನು ಎರಡು ದಿನಕ್ಕೆ ನೋಡು" ಅಂತೀವಿ. ದಾವಣಗೆರೆ ಕಡೆ ಭತ್ತ ಬೆಳೆಯೋರಿಗೂ ಇದೇ ಲೆಕ್ಕವೇ, ಆದ್ರೆ ಅವರು ಕೇಳೋದು ಖುಷಿಗೆ. ನಮ್ಮಜ್ಜಿ ಕೇಳ್ತಿದ್ದದ್ದು ಖುಷಿಗಲ್ಲ.

ಅಜ್ಜಿ ಸಾಯೋವರೆಗೂ ಎನ್.ಆರ್.ಪುರಕ್ಕೆ ಎನ್.ಆರ್.ಪುರ ಅನ್ನಲಿಲ್ಲ. "ಎಡೇಹಳ್ಳಿಗೆ ಹೋಗಿ ಬರ್ತೀನಿ, ಹುಣಸೆಹಣ್ಣು ಮುಗಿದಿದೆ" ಅನ್ನೋರು. ನಾವು ಸಣ್ಣವರಿದ್ದಾಗ ಅದು ಬೇರೆ ಯಾವುದೋ ಊರು ಅಂದ್ಕೊಂಡಿದ್ವಿ. ಹಳೇ ಹೆಸರೇ ಅದು. 1915ರಲ್ಲಿ ಮೈಸೂರಿನ ಯುವರಾಜರು, ಕಂಠೀರವ ನರಸಿಂಹರಾಜ ಒಡೆಯರು, ಈ ಊರಿಗೆ ಬಂದ ನೆನಪಿಗೆ ನರಸಿಂಹರಾಜಪುರ ಅಂತ ಆಯ್ತು. ನಾಲ್ವಡಿಯವರ ತಮ್ಮ, ಜಯಚಾಮರಾಜ ಒಡೆಯರ ತಂದೆ. ಆ ಕಡೆ ಬೆಂಕಿಪುರ ಭದ್ರಾವತಿಯಾಯ್ತು, ಈ ಕಡೆ ಎಡೇಹಳ್ಳಿ ನರಸಿಂಹರಾಜಪುರವಾಯ್ತು. ಅರಸು ಮನೆತನದವರು ಬಂದು ಹೋದರೆ ಊರಿಗೆ ಹೆಸರು, ಹೆಣ್ಣುಮಕ್ಕಳು ಬಂದು ಸೇರಿದ್ರೆ ಅವರ ಹೆಸರೇ ಬದಲು, ಅಂತ ನಮ್ಮ ದೊಡ್ಡತ್ತೆ ಒಂದು ಸಲ ಹೇಳಿದ್ದು. ಅವರು ಹಂಗೇ, ಬಾಯಿಗೆ ಬಂದಿದ್ದು ಹೇಳಿಬಿಡ್ತಾರೆ.

ರೈಲೂ ಇತ್ತು ಕಣ್ರೇ ನಮ್ಮೂರಿಗೆ! ಈಗಿನ ಮಕ್ಕಳಿಗೆ ಹೇಳಿದ್ರೆ ನಂಬಲ್ಲ. ತರೀಕೆರೆಯಿಂದ ಎನ್.ಆರ್.ಪುರಕ್ಕೆ ಎರಡಡಿ ಅಗಲದ ಹಳಿ ಮೇಲೆ ಹೋಗೋ ಪುಟ್ಟ ರೈಲು. ಅಜ್ಜಿ ಅದಕ್ಕೆ ಟ್ರಾಂ ಅನ್ನೋರು. ಈಗ ರೈಲೂ ಇಲ್ಲ, ಹಳಿಯೂ ಇಲ್ಲ. ಆ ಕಣಿವೆ ತುಂಬ ನೀರು. ಒಂದು ಕಾಲಕ್ಕೆ ಪಕ್ಕದ ಊರಿನಂಗಿದ್ದ ತರೀಕೆರೆಗೆ ಈಗ ಶಿವಮೊಗ್ಗ, ಭದ್ರಾವತಿ ಸುತ್ತಿ ಹೋಗೋ ಹಂಗಾಗಿದೆ.

ಡ್ಯಾಮಿನ ಕೆಲಸ ಶುರುವಾಗಿದ್ದು 1947ರಲ್ಲಿ. ಮುಗಿಯೋ ಹೊತ್ತಿಗೆ 60ರ ದಶಕದ ಅರ್ಧ ಕಳೆದಿತ್ತು. ಅಷ್ಟು ವರ್ಷ ಜನ "ಬರ್ತದಂತೆ, ಬರಲ್ವಂತೆ" ಅಂತ ಮಾತಾಡ್ಕೊಂಡೇ ಗದ್ದೆ ನಾಟಿ ಮಾಡಿದ್ರು. ಇದು ನಂಗೆ ಯಾವಾಗ್ಲೂ ಆಶ್ಚರ್ಯ. ಕಲ್ಲು ನೆಟ್ಟು ಇಲ್ಲಿವರೆಗೆ ನೀರು ಅಂತ ಗುರುತು ಹಾಕಿ ಹೋದ ಮೇಲೂ ಅಜ್ಜಿ ತವರಲ್ಲಿ ಹೊಸ ಹಟ್ಟಿ ಕಟ್ಟಿಸಿದ್ರಂತೆ. ಹೊಳೆ ಬಿಟ್ಟು ಅಷ್ಟು ಮೇಲೆ ನೀರು ಹತ್ತತ್ತಾ ಎಲ್ಲಾದ್ರೂ ಅಂತ.

ತವರು ಅಂದ್ರೆ ಊರಲ್ಲ, ನಮ್ಮ ಕಡೆ ಇರೋ ಹಂಗೆ ಒಂಟಿಮನೆ. ಸೋಗೆ ತೆಗೆದು ಹೆಂಚು ಹಾಕಿಸಿ ಐದಾರು ವರ್ಷ ಆಗಿತ್ತು. ಮುಂದೆ ಅಂಗಳ, ಕೆಳಗೆ ಗದ್ದೆ, ಆಚೆಗೆ ಹೊಳೆ. ದೊಡ್ಡತ್ತೆ ಏಳೆಂಟು ವರ್ಷದವರಿದ್ದಾಗ ಕೊನೇ ಸಲ ಅಲ್ಲಿಗೆ ಹೋಗಿದ್ದು. ಅವರಿಗೆ ನೆನಪಿರೋದು ಹೆಂಚು. ಅಜ್ಜಿಯ ಅಣ್ಣಂದಿರು ಮಾಡು ಹತ್ತಿ ಒಂದೊಂದೇ ಹೆಂಚು ಇಳಿಸಿ ಕೈಯಿಂದ ಕೈಗೆ ದಾಟಿಸ್ತಿದ್ರಂತೆ. ಬಾಗಿಲು, ಚೌಕಟ್ಟು, ಕಂಬ, ಜಂತಿ ಎಲ್ಲ ಕಳಚಿ ಗಾಡಿಗೆ. ಅಡುಗೆಮನೆಗೆ ಮಾಡಿಲ್ಲ, ಆದ್ರೂ ಒಲೆ ಉರೀತಿತ್ತಂತೆ, ಕೆಲಸದವರಿಗೆ ಕಡುಬು ಬೇಯಿಸಬೇಕಲ್ಲ. "ಆಕಾಶ ಕಾಣ್ತಿತ್ತು ಒಲೆ ಮುಂದೆ ಕೂತ್ರೆ, ನಂಗೆ ಭಾರಿ ಖುಷಿಯಾಗಿತ್ತು. ನಮ್ಮಮ್ಮ ಎಂತಕ್ಕೆ ಅಳ್ತಾಳೆ ಗೊತ್ತಾಗ್ಲಿಲ್ಲ" ಅಂತಾರೆ ದೊಡ್ಡತ್ತೆ.

ಒರಳುಕಲ್ಲು ಮಾತ್ರ ಅಜ್ಜಿ ಪಾಲಿಗೆ ಬಂತು. ಅದೂ ಅಣ್ಣಂದಿರಿಗೆ ಹೊತ್ಕೊಂಡು ಹೋಗಕ್ಕೆ ಭಾರ ಆಯ್ತು ಅಂತ. ಈಗಲೂ ನಮ್ಮ ಬಚ್ಚಲು ಕೊಟ್ಟಿಗೆ ಹತ್ರ ಇದೆ, ಅದರಲ್ಲಿ ಮಳೆನೀರು ನಿಂತ್ರೆ ಸೊಳ್ಳೆ ಅಂತ ನಾನು ಮಗುಚಿ ಇಟ್ಟಿದೀನಿ.

ಪರಿಹಾರದ ದುಡ್ಡು ಮನೆ ಯಜಮಾನನ ಹೆಸರಿಗೆ ಬಂತು. ಎಷ್ಟು ಬಂತು, ಯಾರಿಗೆ ಎಷ್ಟು ಹೋಯ್ತು ಅನ್ನೋದು ಇವತ್ತಿಗೂ ಎಲ್ಲರ ಮನೇಲೂ ಜಗಳದ ವಿಷಯ, ನಿಮ್ಮಲ್ಲೂ ಇರಬಹುದು. ಆದ್ರೆ ಆ ಜಗಳದಲ್ಲೂ ಹೆಣ್ಣುಮಕ್ಕಳ ಹೆಸರು ಬಂದಿದ್ದು ನಾ ಕೇಳಿಲ್ಲ. 1956ರ ಉತ್ತರಾಧಿಕಾರ ಕಾಯ್ದೆ ಆಗಷ್ಟೇ ಬಂದಿತ್ತು. ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಅಂತ ಕರ್ನಾಟಕದಲ್ಲಿ ಆಗಿದ್ದು 1994ರಲ್ಲಿ, ಅದೂ ಮದುವೆ ಆಗಿಹೋದವರಿಗೆ ಇಲ್ಲ. ದೇಶಕ್ಕೆಲ್ಲ ಆಗಿದ್ದು 2005ರಲ್ಲಿ. ಅಷ್ಟೊತ್ತಿಗೆ ಅಜ್ಜಿಯ ಪಿತ್ರಾರ್ಜಿತದ ಮೇಲೆ ನಲವತ್ತು ವರ್ಷದ ನೀರು. ಅಜ್ಜಿ ದುಡ್ಡು ಕೇಳಿದವರೂ ಅಲ್ಲ ಬಿಡಿ. ಅವರಿಗಿದ್ದ ಬೇಜಾರೇ ಬೇರೆ. ಅಣ್ಣಂದಿರು ಭದ್ರಾವತಿ ಆಚೆ, ಚಾನಲ್ ಕೆಳಗೆ ಜಮೀನು ಹಿಡಿದ್ರು. ತಮ್ಮ ಮನೆ ಮುಳುಗಿಸಿದ ನೀರಲ್ಲೇ ಭತ್ತ ಬೆಳೆದ್ರು, ಚೆನ್ನಾಗೇ ಆದ್ರು. ಆದ್ರೆ ದೂರ ಆಯ್ತು, ಬಸ್ಸಿಲ್ಲ, ಗೌರಿ ಹಬ್ಬಕ್ಕೆ ಬರ್ತಿದ್ದ ಮೊರದ ಬಾಗಿನ ಒಂದು ವರ್ಷ ತಪ್ಪಿತು, ಮತ್ತೊಂದು ವರ್ಷ ತಪ್ಪಿತು, ಆಮೇಲೆ ನಿಂತೇ ಹೋಯ್ತು.

ಡ್ಯಾಮ್ ತುಂಬಿದಾಗ ಮಂತ್ರಿಗಳು ಬಂದು ಬಾಗಿನ ಬಿಡ್ತಾರಲ್ಲ, ಪೇಪರಲ್ಲಿ ಫೋಟೋ ಬರ್ತದೆ, ಮೊರ, ಸೀರೆ, ಬಳೆ, ತೆಂಗಿನಕಾಯಿ. ಅಜ್ಜಿ ಆ ಫೋಟೋನ ಕನ್ನಡಕ ಏರಿಸಿ ನೋಡೋರು. "ಸೀರೆ ಚೆನ್ನಾಗಿದೆ" ಅನ್ನೋರು. ಒಂದು ಸಲ ಮಾತ್ರ, "ನಮ್ಮ ತವರಿಗೆ ಎಲ್ಲರೂ ಬಾಗಿನ ಕೊಡ್ತಾರೆ, ತವರಿಂದ ನಂಗೆ ಬಂದಿಲ್ಲ" ಅಂತ ಹೇಳಿ ಪೇಪರು ಮಡಚಿ ಹಪ್ಪಳದ ಡಬ್ಬಿ ಅಡಿಗೆ ಹಾಕಿದ್ರು.

ಅದಕ್ಕೇ ಅವರು ಅಡಿ ಕೇಳ್ತಿದ್ದದ್ದು. ಬೇಸಿಗೇಲಿ ನೀರು ಇಳಿದ ವರ್ಷ "ಈಗ ಹೊಸ ಹಟ್ಟಿ ಬುಡ ಕಂಡಿರ್ತದೆ", ಇನ್ನೂ ಇಳಿದ್ರೆ "ಈಗ ಬಾವಿಕಟ್ಟೆ" ಅಂತ ಅವರಿಗೆ ಇಲ್ಲಿಂದಲೇ ಗೊತ್ತಾಗೋದು. ಒಂದು ಬರದ ವರ್ಷ ನಮ್ಮಪ್ಪ ಅವರನ್ನ ಕರ್ಕೊಂಡು ಹೋಗಿದ್ರು, ನಾನೂ ಹೋಗಿದ್ದೆ. ಬಿರುಕು ಬಿಟ್ಟ ಕೆಸರಿನ ಬಯಲು, ಅಲ್ಲಲ್ಲಿ ಮರದ ಬೊಡ್ಡೆ, ನಂಗೆ ಎಲ್ಲ ಒಂದೇ ತರ. ಅಜ್ಜಿ ಮಾತ್ರ ಚಪ್ಪಲಿ ಬಿಚ್ಚಿ ಕೈಲಿ ಹಿಡ್ಕೊಂಡ್ರು. ಎಂತಕ್ಕೆ ಅಂತ ಕೇಳಿದ್ದಕ್ಕೆ, "ಅಂಗಳ ಕಣೇ ಇದು" ಅಂದ್ರು.

ಈಗ ಹಿನ್ನೀರು ಅಂದ್ರೆ ಫೋಟೋ ತೆಗೆಯೋ ಜಾಗ. ಲಕ್ಕವಳ್ಳಿ ಕಡೆ ನಡುಗಡ್ಡೆಗಳ ಮೇಲೆ ಬೇಸಿಗೇಲಿ ರಿವರ್ ಟರ್ನ್ ಅಂತ ಹಕ್ಕಿಗಳು ಬಂದು ಮೊಟ್ಟೆ ಇಡ್ತಾವೆ, ಅದನ್ನ ನೋಡಕ್ಕೆ ದೂರದೂರದಿಂದ ಜನ ಬರ್ತಾರೆ. ಚೆಂದವೇ, ಸುಳ್ಳು ಯಾಕೆ ಹೇಳಲಿ. ನಾನೂ ಮೊಮ್ಮಗನ್ನ ಕರ್ಕೊಂಡು ಹೋಗಿ ತೋರಿಸಿದೀನಿ.

ಇನ್ನು ನಮ್ಮ ಮುತ್ತಿನಕೊಪ್ಪದ ಸುದ್ದಿ. ಕೊಪ್ಪ ಅಂದ್ರೆ ಸಣ್ಣ ಹಳ್ಳಿ, ಮುತ್ತು ಎಲ್ಲಿಂದ ಬಂತೋ. ಈ ಕಡೆ ಭದ್ರೆ, ಆ ಕಡೆ ತುಂಗೆ, ನಡುವೆ ನಾವು. ದೇವರು ಇಟ್ಟ ಲೆಕ್ಕದಲ್ಲಿ ಇಬ್ಬರೂ ಸೇರೋದು ಶಿವಮೊಗ್ಗ ದಾಟಿ ಕೂಡ್ಲೀಲಿ. ಭದ್ರಾ ಮೇಲ್ದಂಡೆ ಯೋಜನೆಯವರ ಲೆಕ್ಕದಲ್ಲಿ ಅಷ್ಟು ಕಾಯಬೇಕಿಲ್ಲ, ಮುತ್ತಿನಕೊಪ್ಪದ ಹತ್ರವೇ ಸೇರಿಸಬಹುದು. ತುಂಗೆಯಿಂದ 17.40 ಟಿಎಂಸಿ ಎತ್ತಿ ಭದ್ರೆಗೆ, ಭದ್ರೆಯಿಂದ 29.90 ಟಿಎಂಸಿ ಎತ್ತಿ ಅಜ್ಜಂಪುರದ ಸುರಂಗದಲ್ಲಿ ಆ ಕಡೆ ಬಯಲುಸೀಮೆಗೆ. ಚಿಕ್ಕಮಗಳೂರಿನ ಒಣ ತಾಲ್ಲೂಕುಗಳು, ಚಿತ್ರದುರ್ಗ, ದಾವಣಗೆರೆಯ ಜಗಳೂರು, ತುಮಕೂರು. 2023ರ ಕೇಂದ್ರ ಬಜೆಟ್ಟಲ್ಲಿ 5,300 ಕೋಟಿ ಅಂತ ಓದಿದ ದಿನ ನಮ್ಮ ಬಸ್ ಸ್ಟ್ಯಾಂಡಲ್ಲಿ ಬೇರೆ ಮಾತೇ ಇಲ್ಲ.

ಕಾಲುವೆ ಮಾತು ಬಂದಾಗಲೆಲ್ಲ ನಮ್ಮ ಬೀದೀಲಿ ಹಳೇ ಮಾತುಗಳೇ ಹೊಸದಾಗಿ ಕೇಳ್ತವೆ. "ಯಾರ ತೋಟದ ಮೇಲೆ ಹೋಗ್ತದಂತೆ?" "ಪರಿಹಾರ ಯಾರ ಹೆಸರಿಗಂತೆ?" ನಂಗೆ ಒಂಥರಾ ಹೊಟ್ಟೆ ತೊಳಸ್ತದೆ. ಒಂದಿನ ರೇಗಿ, "ನಮ್ಮನ್ನ ಒಂದು ಸಲ ಮುಳುಗಿಸಿದ್ದು ಸಾಲದಾ?" ಅಂದೆ. ಶಿರಾದವಳು ಅಡಿಕೆ ಸುಲೀತಾ ಕೂತಿದ್ಲು. ತಲೆ ಎತ್ತಲಿಲ್ಲ. "ನಮ್ಮಪ್ಪ ಮೂರು ಬೋರ್ ಹಾಕಿಸಿದ್ರು ಅಕ್ಕ, ಮೂರೂ ಫೇಲ್. ಒಂದಕ್ಕೆ ಅಮ್ಮನ ಸರ ಹೋಯ್ತು, ಒಂದಕ್ಕೆ ನಂದು" ಅಂದ್ಲು. ಅದಕ್ಕೆ ನಾನೇನು ಹೇಳಲಿ.

ಆಮೇಲೆ ಅವಳೇ ಒಂದು ಸುದ್ದಿ ಹೇಳಿದ್ಲು. ಹಿರಿಯೂರಿನ ವಾಣಿ ವಿಲಾಸ ಸಾಗರ, ಮಾರಿಕಣಿವೆ ಅಂತಾರಲ್ಲ, 2022ರ ಸೆಪ್ಟೆಂಬರಲ್ಲಿ ಕೋಡಿ ಬಿದ್ದಾಗ ಅವರ ಮನೆಯವರೆಲ್ಲ ಗಾಡಿ ಮಾಡ್ಕೊಂಡು ನೋಡಕ್ಕೆ ಹೋಗಿದ್ರಂತೆ. ಅದಕ್ಕೆ ಮುಂಚೆ ಕೋಡಿ ಬಿದ್ದಿದ್ದು 1933ರಲ್ಲಿ. ಆ ವರ್ಷ ಮಳೆ ಭಾರಿ, ಜೊತೆಗೆ ಭದ್ರೆಯ ನೀರೂ ಸೇರಿತ್ತು. ಆ ಕೆರೆಗೆ ಹೆಸರು ಬಂದಿರೋದು ಮಹಾರಾಣಿ ವಾಣಿ ವಿಲಾಸ ಸನ್ನಿಧಾನದಿಂದ, ಅಂದ್ರೆ ಕೆಂಪನಂಜಮ್ಮಣ್ಣಿಯವರು. ಗಂಡ ಹೋದ ಮೇಲೆ ಮಗ ದೊಡ್ಡವನಾಗೋವರೆಗೆ ಸಂಸ್ಥಾನ ನಡೆಸಿದವರು. ನಮ್ಮ ಯುವರಾಜ ನರಸಿಂಹರಾಜರೂ ಅವರ ಮಗನೇ. ಮಗನ ಹೆಸರಿನ ಊರಿನ ಮಗ್ಗುಲ ನೀರು ತಾಯಿ ಹೆಸರಿನ ಕೆರೆಗೆ ಹೋಗಿದೆ. ಇದನ್ನ ದೊಡ್ಡತ್ತೆಗೆ ಹೇಳಿದ್ದಕ್ಕೆ, "ಗಂಡುಮಗ ಅಮ್ಮನ್ನ ನೋಡ್ಕೊಂಡ ಅನ್ನು, ಪುಣ್ಯ" ಅಂದ್ರು.

ಹೋದ ವಾರ ಮಳೆ ಜೋರಿದ್ದಾಗ ಕರೆಂಟಿಲ್ಲ. ದೊಡ್ಡತ್ತೆನ ಕೂರಿಸ್ಕೊಂಡು ಅಜ್ಜಿ ತವರಿನ ಗದ್ದೆಗಳ ಹೆಸರೆಲ್ಲ ಕೇಳಿದೆ. ಶಿರಾದವಳು ಮೊಬೈಲ್ ಬೆಳಕಲ್ಲಿ ಮಗನ ಹಳೇ ನೋಟ್‌ಬುಕ್ಕಲ್ಲಿ ಬರ್ಕೊಂಡ್ಲು. ಬಾವಿಗದ್ದೆ. ಹಲಸಿನಮಕ್ಕಿ. ಉದ್ದಗದ್ದೆ. ಹೊಳೆಬಾಗಿಲು. ಬಾಣಂತಿ ಮಕ್ಕಿ, ಅಲ್ಲಿ ಬಾಣಂತಿಯರಿಗೆ ಅಂತಲೇ ಸಣ್ಣಕ್ಕಿ ಬೆಳೀತಿದ್ರಂತೆ. ಆರನೇದು ಒಂದಿದೆ, ಕಣಜದ ಹತ್ರದ್ದು, ಹೆಸರು ಬಾಯಿ ತುದೀಲಿದೆ, ಬರ್ತಾ ಇಲ್ಲ ಅಂತ ದೊಡ್ಡತ್ತೆ ಕಣ್ಣು ಮುಚ್ಕೊಂಡು ಕೂತ್ರು. ಶಿರಾದವಳು "6" ಅಂತ ನಂಬರ್ ಹಾಕಿ ಜಾಗ ಬಿಟ್ಟಿದಾಳೆ.

ಬೆಳಿಗ್ಗೆ ಅವಳ ಅಮ್ಮ ಫೋನ್ ಮಾಡಿದ್ರು. ಸ್ಪೀಕರಲ್ಲಿ ನಂಗೂ ಕೇಳಿಸ್ತು.

"ಎಷ್ಟು ಅಡಿ ಬಂತಂತಮ್ಮಾ ಅಲ್ಲಿ?"