ಲಾರಾ, ದ್ರೌಪದಿ, ಕರ್ಣ: ಪಾತ್ರದ ಹಳೇ ಕಥೆ ಬದಲಾದಾಗ

'ಟೂಂಬ್ ರೇಡರ್' ಆಡಿದವರಿಗೆ ಲಾರಾ ಕ್ರಾಫ್ಟ್ ಗೊತ್ತು. 1996ರ ಲಾರಾ, ಹಿಮಾಲಯದ ವಿಮಾನ ಅಪಘಾತದಲ್ಲಿ ಬದುಕುಳಿದ ಯುವತಿ. 2006ರ 'ಲೆಜೆಂಡ್'ನಲ್ಲಿ ಆ ಅಪಘಾತ ಅವಳ ಬಾಲ್ಯಕ್ಕೆ ಹೋಯ್ತು, ಅಮ್ಮ ಕಾಣೆಯಾದ ಕಥೆ ಸೇರ್ತು. 2013ರಲ್ಲಿ ಮತ್ತೆ ಹೊಸ ಲಾರಾ. ಅಭಿಮಾನಿಗಳ ವಾದ ಮಾತ್ರ ಹಳೇದೇ: ನಿಜವಾದ ಲಾರಾ ಯಾರು?

ಕನ್ನಡದಲ್ಲಿ ಇಂಥ ತಿದ್ದುಪಡಿಗೆ ಸಾವಿರ ವರ್ಷ ಆಗಿದೆ. ಕಾರವಾರ, ಅಂಕೋಲಾ ಇರೋ ಜಿಲ್ಲೆಯಲ್ಲೇ ಬನವಾಸಿ ಇದೆ, ಅಲ್ವಾ? ಆ ಬನವಾಸಿಯನ್ನು ಹಂಬಲಿಸಿದ ಪಂಪ, ಸುಮಾರು 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದ. ತನಗೆ ಆಶ್ರಯ ಕೊಟ್ಟ ರಾಜ ಅರಿಕೇಸರಿಯನ್ನೇ ಅರ್ಜುನನಾಗಿ ಕಂಡ. ಹಾಗಾಗಿ ಅಲ್ಲಿ ದ್ರೌಪದಿಗೆ ಐವರಲ್ಲ, ಅರ್ಜುನನೊಬ್ಬನೇ ಗಂಡ.

ಈ ಬದಲಾವಣೆ ನಿಂತಿತಾ? ಇಲ್ಲ. 15ನೇ ಶತಮಾನದ ಕುಮಾರವ್ಯಾಸನಲ್ಲಿ ಐವರೂ ವಾಪಸ್. ಕಾರವಾರ, ಅಂಕೋಲಾ ಕಡೆ ಯಕ್ಷಗಾನ ನೋಡೋರಿಗೂ ದ್ರೌಪದಿ ಅಂದ್ರೆ ಪಾಂಡವರ ಹೆಂಡತಿಯೇ.

ಕರ್ಣನ ವಿಷಯ ಬೇರೆ. ಅವನು ರಾಜನ ಪಾತ್ರಕ್ಕೇ ಎದುರಾಳಿ. ಆದರೂ ಪಂಪ ಅವನ ಹುಟ್ಟಿನ ಕಥೆ ಅಳಿಸಲಿಲ್ಲ. ಅವನ ಸತ್ಯ, ತ್ಯಾಗಗಳನ್ನು ಮನಸಾರೆ ಮೆಚ್ಚಿ ಬರೆದ. ಆ ಕರ್ಣ ಉಳಿದ. ಇವತ್ತಿಗೂ 'ಕರ್ಣಪರ್ವ' ಪ್ರಸಂಗದಲ್ಲಿ ಗೆದ್ದ ಅರ್ಜುನನಿಗಿಂತ ಸೋತ ಕರ್ಣನಿಗೇ ಜನ ಮರುಗ್ತಾರೆ.

ರಾಜನಿಗಾಗಿ ತಿದ್ದಿದ್ದನ್ನು ಜನ ಬಿಟ್ಟರು, ಪಾತ್ರವನ್ನು ಪ್ರೀತಿಸಿ ಬರೆದದ್ದನ್ನು ಇಟ್ಟುಕೊಂಡರು. ಗೇಮ್ ಕಂಪನಿಗಳ ಹತ್ತಿರ ಹಕ್ಕುಪತ್ರ ಇರಬಹುದು. ಯಾವ ಲಾರಾ ಉಳೀತಾಳೆ ಅನ್ನೋದನ್ನ ಕೊನೆಗೆ ಆಡುವವರೇ ತೀರ್ಮಾನಿಸ್ತಾರೆ.